ಮನಿಗಿ, ಕೋಳಿಗಿ, ಮಣ್ಣಿಗಿ

ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳಂತಿರಲಿಲ್ಲ. ಉಳಿದವನ್ನು ತೀರ ಒತ್ತಿ ಕತ್ತರಿಸಿಕೊಳ್ಳುತ್ತಿದ್ದ ಅವರು ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟು, ಅಂಗಳದ ಕಲ್ಲಿಗೆ ತಿಕ್ಕಿ ತಿಕ್ಕಿ ತುದಿಯನ್ನು ಓರೆ ಮಾಡಿಕೊಂಡಿದ್ದರು. ಅದರ ಅಂಚಿಗೆ ಬದನೆಕಾಯಿಯ ಕಪ್ಪು ಕಲೆ ಕಾಯಂ ಆಗಿ ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಾನು ಮದುವೆಯಾಗಿ ಅಣ್ಣಿಗೇರಿಯ ಆ ಮನೆಗೆ ಬಂದ ದಿನ, ಹೊಸ್ತಿಲು ದಾಟಿದ ನನ್ನ ಗದ್ದ ಹಿಡಿದೆತ್ತಿ, ಅದೇ ಹೆಬ್ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಪ್ರೀತಿ ಎಂದುಕೊಂಡು ನಾನು ನಾಚಿದೆ. ವಾರ ಕಳೆದ ಮೇಲೆ ಗೊತ್ತಾಯಿತು, ಅವರು ಟೊಮೆಟೊವನ್ನೂ ಹಾಗೆಯೇ ಒತ್ತಿ ನೋಡುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಹುಬ್ಬಳ್ಳಿಯ ರೈಲ್ವೆ ಚಾಳಿನಲ್ಲಿ ಬೆಳೆದವಳು. ನಮ್ಮಲ್ಲಿ ಕಾಯಿಪಲ್ಲೆ ಕೈಗಾಡಿಯ ಮೇಲೆ ಬಾಗಿಲಿಗೇ ಬರುತ್ತಿತ್ತು. ಅವ್ವ ಆರಿಸಿ ಆರಿಸಿ ತೆಗೆದುಕೊಂಡು, ಮನೆಯೊಳಗೆ ಬಂದ ಮೇಲೆ ಮನಸ್ಸಿಗೆ ಬಾರದ್ದನ್ನು ಗಟಾರಕ್ಕೆ ಎಸೆಯುತ್ತಿದ್ದಳು. ಸಂಸಾರವೆಂದರೆ ಹೀಗೇ ಎಂದು ನಾನೂ ತಿಳಿದಿದ್ದೆ. ಅಣ್ಣಿಗೇರಿಯ ಮನೆಯಲ್ಲಿ ಮಾವನವರು ಆಗಲೇ ಇರಲಿಲ್ಲ. ದೊಡ್ಡ ಮಗ, ಅಂದರೆ ನನ್ನ ಭಾವ, ನವಲಗುಂದದ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದು, ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮನೆ ಮಾಡಿದ್ದರು. ನನ್ನ ಮನೆಯವರು ಕಾಳಿನ ಅಂಗಡಿಯಲ್ಲಿ ತೂಕ ಮಾಡುತ್ತಿದ್ದರು. ಅತ್ತೆ, ನಾವಿಬ್ಬರು, ಶಾಲೆಗೆ ಹೋಗುವ ನಾದಿನಿಯರು, ಮತ್ತು ಹಿತ್ತಲಿನ ಕೋಳಿಗಳು. ಕೋಳಿಗಳನ್ನು ಮನೆಮಂದಿಯ ಸಾಲಿಗೆ ಸೇರಿಸುತ್ತಿರುವುದು ನಾನಲ್ಲ. ಇಂದು ಏನು ಅಡಿಗೆ ಎಂದು ಯೋಚಿಸುವಾಗ ಅತ್ತೆಯವರೇ ಅವುಗಳನ್ನು ಸೇರಿಸಿಕೊಳ್ಳುತ್ತಿದ್ದರು.

ಸಂತೆಯ ದಿನ ಊರೆಲ್ಲ ಬೆಳಿಗ್ಗೆ ಸಂತೆಗೆ ಹೋದರೆ, ಇವರು ಸಂತೆ ಏಳುವ ಹೊತ್ತಿಗೆ ಹೊರಡುವರು. ಒಂದು ಕೈಯಲ್ಲಿ ಬಿದಿರಿನ ಬುಟ್ಟಿ, ಇನ್ನೊಂದರಲ್ಲಿ ಕಸಬರಿಗೆ. ಮೊದಲ ಸಲ ಜೊತೆಗೆ ಹೋದಾಗ ಕಸಬರಿಗೆ ಯಾಕೆಂದು ನನಗೆ ಹೊಳೆಯಲಿಲ್ಲ. ಸುತ್ತಲ ಹಳ್ಳಿಗಳಿಂದ ಬಂದ ಹೆಂಗಸರು ಮಾರಿ ಉಳಿದದ್ದನ್ನು ಮುಂದಿಟ್ಟುಕೊಂಡು, ಊರಿಗೆ ಹೋಗುವ ಚಕ್ಕಡಿ ತಪ್ಪೀತೆಂಬ ಗಡಿಬಿಡಿಯಲ್ಲಿದ್ದರು. ಬಾಡಿದ ಮೆಂತ್ಯೆ ಸೊಪ್ಪು, ಹುಳ ಕೊರೆದ ಬದನೆ, ಬಿಸಿಲಿಗೆ ಬಿರಿದ ಟೊಮೆಟೊ, ಎಲೆಕೋಸಿನ ಹೊರಗಿನ ಎಲೆಗಳು. ಅತ್ತೆಯವರು ಅವುಗಳತ್ತ ಕಣ್ಣೆತ್ತಿ ಕೂಡ ನೋಡಲಿಲ್ಲ. ನೆಟ್ಟಗೆ ಬದನೆಕಾಯಿ ಮಾರುವ ಮುದುಕಿಯ ಹತ್ತಿರ ಹೋಗಿ, "ಏಳೂದಾತೇನಬೇ?" ಎಂದು ಕೇಳಿದರು. ಆಕೆ ಹೂಂ ಎಂದ ಮೇಲೆ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಕೂರಿಸಿ, ಅದರಲ್ಲಿ ತಕ್ಕಡಿ ಇಟ್ಟು, ಎತ್ತಿ ಆಕೆಯ ತಲೆಯ ಮೇಲೆ ಹೊರಿಸಿದರು. ಆಮೇಲೆ ಆಕೆ ಕುಳಿತ ಜಾಗವನ್ನು ಗುಡಿಸಿದರು. ನೆಲ ಹಸನಾದ ಮೇಲೆ ಅಲ್ಲಿ ಉಳಿದದ್ದು ಇವರದು. ಹೀಗೇ ಒಬ್ಬೊಬ್ಬರ ಮುಂದೆಯೂ. ಬುಟ್ಟಿ ಎತ್ತಿಕೊಡದೆ, ಜಾಗ ಗುಡಿಸದೆ ಅವರು ಒಂದು ಎಲೆಯನ್ನೂ ಮುಟ್ಟಿದ್ದನ್ನು ನಾನು ಕಾಣೆ.

ಮರಳುವ ದಾರಿಯಲ್ಲಿ ಮೂಲೆಯ ಕಿರಾಣಿ ಅಂಗಡಿ. ಅಲ್ಲಿಯೂ ಅದೇ ಪದ್ಧತಿ. ಚೀಲಗಳ ಸಂದಿಯಲ್ಲಿ ಉದುರಿದ ಜೋಳ, ನುಸಿ ಹಿಡಿದ ಹೆಸರುಕಾಳು, ಮೊಳಕೆ ಬಂದು ಗಿರಾಕಿ ಬೇಡವೆಂದ ಉಳ್ಳಾಗಡ್ಡಿ. ಅಂಗಡಿಯ ಮುಂದೆ ಕಸ ಹೊಡೆದು ಅದನ್ನೆಲ್ಲ ಸೆರಗಿಗೆ ಸುರಿದುಕೊಳ್ಳುವರು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೇಲಿನಿಂದ ಬಗ್ಗಿ, "ಇವತ್ತ ಬಾಳ ಚೆಲ್ಲೇತಲ್ಲ, ನಿಮ್ಮ ಕೋಳಿ ನಸೀಬ ಚಲೋ ಅದ" ಎಂದು ನಗುತ್ತಿದ್ದರು.

"ಚೆಲ್ಲಿದ್ದಲ್ಲರಿ, ಉಳದದ್ದು," ಎಂದು ಇವರು ತಿದ್ದುತ್ತಿದ್ದರು. ಈ ಒಂದು ಶಬ್ದದ ವಿಷಯದಲ್ಲಿ ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ನಾದಿನಿ ಒಮ್ಮೆ ಬಾಯಿತಪ್ಪಿ ಚೆಲ್ಲಿದ್ದು ಎಂದು, ತಲೆಗೊಂದು ಮೊಟಕು ತಿಂದಿದ್ದಳು.

ಮನೆಗೆ ಬಂದ ಮೇಲೆ ಅವರ ನಿಜವಾದ ಕೆಲಸ. ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕುಳಿತು, ಬುಟ್ಟಿಯನ್ನು ಚೀಲದ ಮೇಲೆ ಬೋರಲು ಹಾಕಿ, ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುವರು. ಉಗುರಿನ ಒಂದು ಎಳೆತಕ್ಕೆ ಕೊಳೆತ ಭಾಗ ಹಾರಿಹೋಗುತ್ತಿತ್ತು. ಎಡಕ್ಕೆ ಒಂದು ಗುಂಪು, ಮುಂದೆ ಒಂದು, ಬಲಕ್ಕೆ ಒಂದು. ಬಾಯಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು: "ಇದು ಮನಿಗಿ. ಇದು ಕೋಳಿಗಿ. ಇದು ಮಣ್ಣಿಗಿ." ಗಟ್ಟಿ ಇದ್ದದ್ದು ನಮ್ಮ ಊಟಕ್ಕೆ, ಮೆತ್ತಗಾದದ್ದು ಕೋಳಿಗೆ, ಅವಕ್ಕೂ ಬೇಡವಾದದ್ದು ಹಿತ್ತಲ ಕೊನೆಯ ಗುಂಡಿಗೆ. ನಾಲ್ಕನೆಯ ಗುಂಪು ಇರಲಿಲ್ಲ. ಅಂದರೆ ನಮ್ಮ ಅವ್ವನ ಗಟಾರ ಈ ಮನೆಯಲ್ಲಿ ಎಲ್ಲಿಯೂ ಇರಲಿಲ್ಲ.

ಈ ಮೂರನೆಯ ಶಬ್ದದಿಂದ ನಾನು ಬಂದ ಹೊಸತರಲ್ಲೇ ಒಂದು ಫಜೀತಿಯಾಯಿತು. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಯಾರಾದರೂ ತೀರಿಕೊಂಡರೆ ಅವರನ್ನು ಹೂಳಲು ಹೋಗುವುದು. ತೀರಿಕೊಂಡವರನ್ನೂ ಮಣ್ಣಿಗೆ ಹೋದರೆಂದೇ ಅನ್ನುವುದು. ಒಂದು ಮುಂಜಾನೆ ಅತ್ತೆಯವರು ಒಲೆಯ ಮುಂದಿನಿಂದ ಎದ್ದು, "ಯವ್ವಾ, ಹಾಲ ನೋಡ್ಕೋ, ನಾ ಮಣ್ಣಿಗಿ ಹೋಗಿ ಬರ್ತೇನಿ," ಎಂದು ಹಿತ್ತಲಿಗೆ ನಡೆದರು. ಯಾರು ಸತ್ತರೋ, ಹೊಸಬಳು ನಾನು ಹೇಗೆ ಕೇಳಲಿ? ಮಣ್ಣಿಗೆ ಹೋಗಿ ಬಂದವರು ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಬರಬಾರದೆಂದು ಅವ್ವ ಕಲಿಸಿದ್ದಳು. ಗಡಬಡಿಸಿ ನೀರು ಕಾಸಿದೆ. ಅತ್ತೆಯವರು ಖಾಲಿ ಬುಟ್ಟಿ ಹಿಡಿದು ಹಿತ್ತಲಿಂದ ತಿರುಗಿ ಬಂದಾಗ, ಬಾಗಿಲಿಗೆ ಅಡ್ಡವಾಗಿ ಕೊಡ ಹಿಡಿದು ನಿಂತೆ.

"ಏನವಾ ಇದು?"

"ಒಳಗ ಬರಬ್ಯಾಡ್ರಿ ಅತ್ಯಾರ. ಮೊದಲ ನೀರ ಹಾಕ್ಕೋರಿ."

"ಯಾಕ?"

"ಮಣ್ಣಿಗಿ ಹೋಗಿದ್ದಿರೆಲ್ರಿ. ಯಾರ ಹೋದ್ರು?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೈಯಲ್ಲಿನ ಬುಟ್ಟಿಯನ್ನು ನೋಡಿದರು. "ಒಂದು ಕುಂಬಳಕಾಯಿ ಹೋತವಾ," ಎಂದವರೇ ನಗಲು ಶುರುಮಾಡಿ, ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತರು. "ವಯಸ್ಸಾಗಿತ್ತು, ಪಾಪ." ಆ ನಗೆಗೆ ಕೋಳಿಗಳು ಬೆದರಿ ಗೋಡೆ ಏರಿದವು. ಅವತ್ತಿನಿಂದ ಮನೆಯಲ್ಲಿ ಅದೊಂದು ಚೇಷ್ಟೆಯ ಮಾತಾಯಿತು. ಗುಂಡಿಗೆ ಹೋಗುವಾಗಲೆಲ್ಲ ಅವರು ನನ್ನತ್ತ ನೋಡಿ, ಮುಖ ಸಪ್ಪಗೆ ಮಾಡಿಕೊಂಡು, "ಮಣ್ಣಿಗಿ ಹೋಗಿ ಬರ್ತೇನಿ, ನೀರ ಕಾಸು," ಅನ್ನುವರು. ಕೆಲವು ದಿನಗಳಲ್ಲಿ ನಾನೂ ಹಾಗೇ ಅನ್ನತೊಡಗಿದೆ. ಆ ಮಾತಿನ ಊರೆಲ್ಲ ಬಲ್ಲ ಅರ್ಥ ನನಗೆ ಪೂರಾ ಮರೆತುಹೋಯಿತು.

ಸಂತೆಯ ಸಂಜೆಗೆ ಅವರು ಮಾಡುತ್ತಿದ್ದ ಪಲ್ಲೆಗೆ ಸಂತಿಪಲ್ಲೆ ಎಂದೇ ಹೆಸರು. ಮನೆಯ ಗುಂಪಿಗೆ ಬಂದದ್ದೆಲ್ಲ ಅದರಲ್ಲಿ. ಅರ್ಧ ಬದನೆ, ಕಾಲು ಹೀರೆಕಾಯಿ, ತುದಿ ಹೋದ ಚವಳಿಕಾಯಿ, ಉಳ್ಳಾಗಡ್ಡಿಯ ಹಸಿರು ಮೊಳಕೆ, ಮೇಲೆ ಗುರೆಳ್ಳು ಪುಡಿ ಮತ್ತು ಶೇಂಗಾ ಪುಡಿ. ಬಿಸಿ ರೊಟ್ಟಿಯ ಮೇಲೆ ಅದನ್ನು ಹಾಕಿಕೊಂಡು ಉಣ್ಣುವಾಗ ಯಾರೂ ಮಾತಾಡುತ್ತಿರಲಿಲ್ಲ. ಒಂದು ವಾರದ ರುಚಿ ಇನ್ನೊಂದು ವಾರ ಇರುತ್ತಿರಲಿಲ್ಲ. ಈಗ ನಾನು ಅವರ ವಯಸ್ಸನ್ನು ದಾಟಿದ್ದೇನೆ. ಒಳ್ಳೊಳ್ಳೆಯ ಕಾಯಿ ಕೊಂಡು ತಂದು, ಎಲ್ಲವನ್ನೂ ಹಾಕಿ, ಎಷ್ಟೋ ಸಲ ಮಾಡಿ ನೋಡಿದ್ದೇನೆ. ಬರುವುದಿಲ್ಲ. ಮಗಳು ಚೆನ್ನಾಗಿದೆ ಅನ್ನುತ್ತಾಳೆ. ಆಕೆಗೇನು ಗೊತ್ತು? ಆ ಪಲ್ಲೆಯ ಒಂದು ತುತ್ತಿಗಾಗಿ ನನ್ನ ಬಾಯಿ ಇಂದಿಗೂ ಹಾತೊರೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಲೆಯ ಆಚೆಯಿಂದ "ಇನ್ನೊಂದೀಟು ಹಾಕ್ಕೋಬೇ" ಎನ್ನುವ ಆ ದನಿಗಾಗಿ.

ಕೋಳಿಗಳಿಗೆ ಸಂತೆಯ ದಿನ ತಿಳಿಯುತ್ತಿತ್ತು. ಅಂದು ಸಂಜೆ ಅವು ಹಿತ್ತಲು ಬಿಟ್ಟು ಮುಂಬಾಗಿಲಿಗೆ ಬಂದು ನಿಲ್ಲುತ್ತಿದ್ದವು. ಬಾಜೂ ಮನೆಯವರು ಲಿಂಗವಂತರು. ತತ್ತಿಯನ್ನು ಕಣ್ಣಿನಿಂದಲೂ ನೋಡುವವರಲ್ಲ. ನಮ್ಮ ಕೋಳಿ ಅವರ ಅಂಗಳಕ್ಕೆ ಕಾಲಿಟ್ಟರೆ ಮನೆಯ ಯಜಮಾನಿ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ಹಾಗೆ ಬೈಯುತ್ತಲೇ ತಮ್ಮ ಮನೆಯ ಸೌತೆಕಾಯಿ ಸಿಪ್ಪೆಯನ್ನು ಗೋಡೆಯ ಮೇಲಿನಿಂದ ಈಚೆಗೆ ಹಾಕುತ್ತಿದ್ದರು. ಸಂತೆಯ ಹೆಂಗಸರ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಕೇಳಿದರೆ ಸಾಕು, ಅತ್ತೆಯವರು ಬುಟ್ಟಿಯ ತಳಕ್ಕೆ ಹೊಟ್ಟು ಹಾಸಿ ತತ್ತಿ ಇಟ್ಟುಕೊಂಡು ಹೋಗುವರು. "ನಿಮ್ಮದ ಐತಿ ತಗೋರಿ, ನಮ್ಮ ಕೋಳಿ ಬರೇ ಬಣ್ಣ ಬದಲ ಮಾಡ್ಯಾವ," ಎಂದು ಕೊಡುವರು.

ಇಂಥವರ ಕೈಯಿಂದ ಆ ಬುಟ್ಟಿ ತಪ್ಪಿತು. ತಪ್ಪಿಸಿದವರು ಹೊರಗಿನವರಲ್ಲ, ಹೆತ್ತ ಮಗ.

ಭಾವ ಕೆಟ್ಟವರಲ್ಲ. ಮನೆಯಲ್ಲಿ ಓದಿದವರು ಅವರೊಬ್ಬರೇ. ಇಸ್ತ್ರಿಯ ಪ್ಯಾಂಟು ಹಾಕಿದವರೂ ಅವರೊಬ್ಬರೇ. ಅದನ್ನು ಮಣ್ಣಾಗದಂತೆ ನೋಡಿಕೊಳ್ಳುವುದೇ ಅವರಿಗೊಂದು ಕೆಲಸ. ಒಂದು ರವಿವಾರ ಬಂದವರು ರೊಟ್ಟಿ ಮುರಿಯದೆ ತಾಟಿನ ಮುಂದೆ ಸುಮ್ಮನೆ ಕೂತರು.

"ಯವ್ವಾ, ಇನ್ನ ಸಂತ್ಯಾಗ ಬಗ್ಗಿ ಆರಸೂದು ಸಾಕ ಮಾಡು."

ಅತ್ತೆಯವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾಕಪಾ, ಯಾರರ ಏನರ ಅಂದ್ರೇನು?"

"ನಮ್ಮ ಕಚೇರ್ಯಾನವರು ಒಬ್ಬರು ಹ್ವಾದ ವಾರ ಈ ಊರ ಸಂತಿಗಿ ಬಂದಿದ್ರು. ಒಬ್ಬಾಕಿ ಕಸಬರಗಿ ಹಿಡಕೊಂಡು ಬೇಡಾಕ ಬರ್ತಾಳ, ಪಾಪ ಅನಸ್ತು ಅಂತ ನನ್ನ ಮುಂದನ ಹೇಳಿದ್ರು. ಅವರಿಗೇನ ಗೊತ್ತು ಆಕಿ ನಮ್ಮವ್ವ ಅಂತ. ನಾ ಏನ ಹೇಳ್ಲಿ ಬೇ?"

ಬಡಿಯುವ ಸದ್ದು ನಿಂತಿತು.

"ಹುಬ್ಬಳ್ಳಿಯಿಂದ ಸೊಸಿ ಬಂದಾಳ ಮನಿಗಿ," ಎಂದರು ಭಾವ, ದನಿ ಇಳಿಸಿ. "ಮಂದಿ ಚೆಲ್ಲಿದ್ದನ್ನ ಆಕಿ ಯಾಕ ತಿನ್ನಬೇಕು?"

"ಚೆಲ್ಲಿದ್ದಲ್ಲಪಾ," ಎಂದರು ಅತ್ತೆ. ಮುಂದಿನ ಶಬ್ದ ಹೇಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಆತ ಬಿಡು. ನೀ ಬ್ಯಾಡ ಅಂದ್ರ ಬ್ಯಾಡ," ಅಂದರು. ಮಾತು ಅಲ್ಲಿಗೆ ಮುಗಿಯಿತು.

ನನ್ನ ಹೆಸರಿನಲ್ಲಿ ಆದ ಈ ತೀರ್ಮಾನದಲ್ಲಿ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಭಾವನ ಎದುರು ಬಾಯಿ ತೆರೆಯುವ ರೂಢಿ ಆಗಿನ ಸೊಸೆಯರಿಗೆ ಇರಲಿಲ್ಲ. ಕಂಬದ ಮರೆಯಲ್ಲಿ ನಿಂತು ಒಳಗೊಳಗೇ ಕುದ್ದೆ.

ಅದಾದ ಮೇಲಿನ ವಾರಗಳು ನನಗೆ ಚೆನ್ನಾಗಿ ನೆನಪಿವೆ. ಊಟಕ್ಕೆ ಬೇಳೆಯ ತಿಳಿಸಾರು, ಚಟ್ನಿಪುಡಿ, ಮತ್ತೆ ತಿಳಿಸಾರು. ಅದು ದೊಡ್ಡ ಮಾತಲ್ಲ. ಆದರೆ ಮನೆಯೊಳಗೆ ನಗೆ ಇಲ್ಲವಾಯಿತು. ಸಂತೆಯ ಸಂಜೆ ಕೋಳಿಗಳು ಎಂದಿನಂತೆ ಮುಂಬಾಗಿಲಿಗೆ ಬಂದು, ಕತ್ತು ಎತ್ತರಿಸಿ ಬೀದಿ ನೋಡಿ, ಕತ್ತಲಾದ ಮೇಲೆ ತಾವಾಗಿಯೇ ಒಳಗೆ ಹೋದವು. ಅತ್ತೆಯವರು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಬಿಟ್ಟ ಕಡ್ಡಿಗಳನ್ನು ಸಿಕ್ಕಿಸುತ್ತ ಕೂತಿರುತ್ತಿದ್ದರು. ಸಿಕ್ಕಿಸಲು ಏನೂ ಉಳಿದಿರದಿದ್ದರೂ ಕೂತಿರುತ್ತಿದ್ದರು.

ಒಂದು ದಿನ ಅವರು ನನ್ನ ತಲೆ ಬಾಚುತ್ತಿದ್ದರು. ಬೈತಲೆ ತೆಗೆಯಲು ಅವರಿಗೆ ಹಣಿಗೆ ಬೇಕಿರಲಿಲ್ಲ, ಹೆಬ್ಬೆರಳಿನ ಉಗುರು ಸಾಕಿತ್ತು. ಅಂದು ಎಷ್ಟು ಹೊತ್ತಾದರೂ ಬೈತಲೆ ಬರಲಿಲ್ಲ. ನಾನು ತಿರುಗಿ ಅವರ ಕೈ ಹಿಡಿದು ನೋಡಿದೆ. ಉಗುರು ಇರಲಿಲ್ಲ. ಉಳಿದ ಬೆರಳುಗಳ ಹಾಗೆ ಅದನ್ನೂ ಒತ್ತಿ ಕತ್ತರಿಸಿದ್ದರು.

"ಉಗುರ ಯಾಕ ತಗದ್ರಿ ಅತ್ಯಾರ?"

"ಇನ್ನ ಯಾಕ ಬೇಕವಾ ಅದು?" ಎಂದು ಹಣಿಗೆ ಕೈಗೆತ್ತಿಕೊಂಡರು.

ನನಗೆ ಅಳು ಬಂತು. ಸಿಟ್ಟೂ ಬಂತು. ಅಂದೇ ನಿಶ್ಚಯ ಮಾಡಿದೆ. ಸಂತಿಗಿ ಹೋಗಬ್ಯಾಡ ಎಂದು ಭಾವ ಹೇಳಿದ್ದು ತಾಯಿಗೆ. ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ಸಂತೆಯ ದಿನ ಯಾವುದೋ ಸೂಟಿ ಇದ್ದು ಭಾವ ಊರಿಗೆ ಬಂದಿದ್ದರು, ಮುಂದಿನ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದರು. ಅತ್ತೆಯವರು ಅಡಿಗೆಮನೆಯ ಸಿಪ್ಪೆ ಸೆದೆ ಹಿಡಿದು, "ಮಣ್ಣಿಗಿ ಹೋಗಿ ಬರ್ತೇನಿ," ಎಂದು ಗುಂಡಿಯ ಕಡೆ ನಡೆದರು. ನೀರು ಕಾಸು ಎನ್ನುವ ಚೇಷ್ಟೆ ಕೂಡ ಇರಲಿಲ್ಲ. ನಾನು ಬುಟ್ಟಿ, ಕಸಬರಿಗೆ ಎತ್ತಿಕೊಂಡು ಓಣಿಯ ಹಿಂದಿನಿಂದ ಹೊರಬಿದ್ದೆ.

ಧೈರ್ಯವೆಲ್ಲ ಸಂತೆ ಕಾಣುವವರೆಗೆ. ಒಬ್ಬಳೇ ಹೋದದ್ದು ಮೊದಲ ಸಲ. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ತಲೆ ತಗ್ಗಿಸಿ, ಬದನೆಕಾಯಿ ಮುದುಕಿಯ ಮುಂದೆ ನಿಂತೆ. "ಏಳೂದಾತೇನ್ರಿ?" ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಆಕೆಯೇ ತಲೆಯೆತ್ತಿದಳು. ಆಕೆ ಮೊದಲು ಗುರುತಿಸಿದ್ದು ಬುಟ್ಟಿಯನ್ನು.

"ಏ, ಆಕಿ ಸೊಸಿ ಅಲ್ಲೇನ ನೀ? ಎಷ್ಟ ವಾರಾತಬೇ ಆಕಿ ಮಾರಿ ನೋಡಿ. ಎಲ್ಲದಾಳ ನಿಮ್ಮತ್ತಿ?"

ಮಗ ಬೇಡ ಎಂದಿದ್ದಾನೆ ಅಂತ ಸಂತೆಯಲ್ಲಿ ಹೇಳುವುದುಂಟೆ? ಬಾಯಿಗೆ ಬಂದದ್ದು ಹೇಳಿದೆ. "ಮಣ್ಣಿಗಿ ಹೋದ್ರರಿ."

"ಏನಂದಿ?"

"ಮಣ್ಣಿಗಿ ಹೋದ್ರು."

"ಅಯ್ಯ ನನ್ನವ್ವ. ಯಾವಾಗ?"

"ಈಗ, ನಾ ಬರೂ ಮುಂದ," ಎಂದೆ. ನಾಚಿಕೆಗೋ ಅಂಜಿಕೆಗೋ ಕಣ್ಣಲ್ಲಿ ನೀರು ಬಂದಿತ್ತು.

ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಗುಂಡಿಗೆ ಸಿಪ್ಪೆ ಹಾಕಲು ಹೋದದ್ದಕ್ಕೆ ಈಕೆ ಇಷ್ಟೇಕೆ ಮರುಗುತ್ತಾಳೆಂದು ನನಗೆ ತಿಳಿಯಲಿಲ್ಲ. ಗುಡಿಸಲು ಬಗ್ಗಿದರೆ ಕೈಯಿಂದ ಮುದುಕಿ ಕಸಬರಿಗೆ ಕಿತ್ತುಕೊಂಡಳು. "ಬ್ಯಾಡ ತಂಗಿ, ಇವತ್ತ ನೀ ಏನೂ ಮಾಡಬ್ಯಾಡ, ಮನಿಗಿ ನಡಿ." ಸೊಪ್ಪಿನವಳು ಬಂದು ಬೆನ್ನು ಸವರಿದಳು. ಹೂವಿನ ಅಜ್ಜ ಎದ್ದು ಬಂದು, ಚೆಂಡುಹೂವಿನ ದಪ್ಪ ಮಾಲೆಯನ್ನು ನನ್ನ ಬುಟ್ಟಿಯಲ್ಲಿಟ್ಟು ಕೈಮುಗಿದರು. ಹೊಸ ಸೊಸೆ ಮೊದಲ ಸಲ ಒಬ್ಬಳೇ ಸಂತೆಗೆ ಬಂದರೆ ಹೀಗೆ ಮರ್ಯಾದೆ ಮಾಡುವುದು ಈ ಊರಿನ ಪದ್ಧತಿಯಿರಬೇಕೆಂದು ನಾನು ಒಳಗೇ ಹಿಗ್ಗಿದೆ. ನಾನೂ ಅಜ್ಜನಿಗೆ ಕೈಮುಗಿದು ಮನೆಯ ದಾರಿ ಹಿಡಿದೆ.

ಹಿತ್ತಲಿನಿಂದ ಒಳಹೊಕ್ಕೆ. ಅತ್ತೆಯವರು ಕೋಳಿಗೆ ನೀರಿಡುತ್ತಿದ್ದರು. ನನ್ನ ಕೈಯಲ್ಲಿನ ಬುಟ್ಟಿ ನೋಡಿದರು, ಅದರಲ್ಲಿದ್ದ ಮಾಲೆ ನೋಡಿದರು.

"ಇದನ್ನ ಯಾರ ಕೊಟ್ರು?"

"ಹೂವಿನ ಅಜ್ಜಾರು. ನಾ ಹೊಸಾಕಿ ಅಂತ."

"ನಿನಗ ಯಾಕ ಕೊಡ್ತಾರ ಇಂಥಾ ಮಾಲಿ? ಇದು..." ಎಂದು ಅವರು ಹುಬ್ಬು ಗಂಟಿಕ್ಕುವಷ್ಟರಲ್ಲಿ ಮುಂಬಾಗಿಲಲ್ಲಿ ಒಮ್ಮೆಲೇ ಅಳುವಿನ ದನಿ ಎದ್ದಿತು.

ಸಂತೆಯ ಹೆಂಗಸರೆಲ್ಲ ಬಂದಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತೇ ಬಂದಿದ್ದರು. ಊರಿಗೆ ಹೋಗುವ ಚಕ್ಕಡಿಗಳನ್ನು ಅಗಸಿಯ ಹತ್ತಿರ ನಿಲ್ಲಿಸಿ ಬಂದಿದ್ದರು. ಬದನೆಕಾಯಿ ಮುದುಕಿ ಕಟ್ಟೆಯ ಕೆಳಗೆ ಕುಕ್ಕರಿಸಿ, ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು. "ನಮ್ಮ ಬುಟ್ಟಿ ಎತ್ತಾಕಿ ಹೋದೆಲ್ಲ ನನ್ನವ್ವ, ನಮ್ಮ ಜಾಗಾ ಹಸನ ಮಾಡಾಕಿ ಹೋದೆಲ್ಲ. ನನ್ನ ಮಗಳ ಬಾಣಂತನಕ್ಕ ತತ್ತಿ ತಂದಾಕಿ ನೀನ ಅಲ್ಲೇನ..." ಭಾವ ಪೇಪರು ಕೈಯಲ್ಲಿ ಹಿಡಿದು ಎದ್ದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಐದು ನಿಮಿಷದ ಕೆಳಗೆ ನೀರು ಕೊಟ್ಟು ಹೋದ ತಾಯಿ ಒಳಗೆ ಏನಾದಳೆಂದು ಅವರಿಗೂ ದಿಕ್ಕು ತಪ್ಪಿತ್ತು. "ಯವ್ವಾ," ಎಂದು ಕೂಗಿದ ಅವರ ದನಿ ಸಣ್ಣ ಹುಡುಗನ ದನಿಯಂತಿತ್ತು. ಒಳಗೆ ಓಡಿಬರುತ್ತಿದ್ದವರು, ಬಗಲಲ್ಲಿ ಕೋಳಿ ಹಿಡಿದು ಹೊರಗೆ ಬರುತ್ತಿದ್ದ ಅತ್ತೆಯವರಿಗೆ ನಡುಮನೆಯಲ್ಲಿ ಡಿಕ್ಕಿ ಹೊಡೆದರು.

ಅಳು ಗಕ್ಕನೆ ನಿಂತಿತು. ಕೋಳಿಯೊಂದು ಮಾತ್ರ ಕೊಕ್ಕೊಕ್ ಎನ್ನುತ್ತಿತ್ತು.

"ಅಯ್ಯ, ಇಕಿ ಇಲ್ಲೇ ಅದಾಳಲ್ಲ," ಎಂದಳು ಮುದುಕಿ, ಕಣ್ಣೊರೆಸಿಕೊಳ್ಳುತ್ತ. "ನಿನ್ನ ಸೊಸಿ ಮಣ್ಣಿಗಿ ಹೋದ್ರು ಅಂದಳಬೇ."

ಎಲ್ಲರೂ ನನ್ನತ್ತ ತಿರುಗಿದರು. ಅತ್ತೆಯವರೂ ತಿರುಗಿದರು. ಅವರ ತುಟಿಯ ಮೂಲೆ ಅಲುಗಿದ್ದು ನಾನು ನೋಡಿದೆ. "ಖರೇನ ಹೇಳ್ಯಾಳ," ಎಂದರು. "ಮಣ್ಣಿಗಿ ಹೋಗಿದ್ದೆ. ಸಿಪ್ಪಿ ಹಾಕಿ ಬಂದೆ." ಎಷ್ಟೋ ವಾರಗಳಿಂದ ಎಲ್ಲಿಯೋ ಅಡಗಿ ಕೂತಿದ್ದ ಆ ನಗೆ ಆಗ ಹೊರಬಿತ್ತು. ಅವರು ನಕ್ಕರು, ಮುದುಕಿ ನಕ್ಕಳು, ಅಳುತ್ತ ಬಂದ ಹೆಂಗಸರು ಬೀದಿಯಲ್ಲಿ ನಿಂತು ಬಿದ್ದು ಬಿದ್ದು ನಕ್ಕರು. ಬಾಜೂ ಮನೆಯ ಯಜಮಾನಿ ಗೋಡೆಯ ಮೇಲಿಂದ ಇಣುಕಿ, ಏನೆಂದು ತಿಳಿಯದಿದ್ದರೂ ನಕ್ಕರು.

ನಗೆ ಇಳಿದ ಮೇಲೆ ಮುದುಕಿ ಕೇಳಿದಳು: "ಮತ್ತ ಇಷ್ಟ ವಾರ ಎಲ್ಲಿ ಸತ್ತಿದ್ದಿ ಬೇ?"

ಭಾವ ಅಲ್ಲೇ ನಿಂತಿದ್ದರು. ಅತ್ತೆಯವರು ಅವರತ್ತ ನೋಡಲಿಲ್ಲ. "ಮನ್ಯಾಗ ಕೆಲಸಿತ್ತು," ಎಂದರು.

"ಏನ ಕೆಲಸೋ. ನೀ ಇಲ್ಲಂದ್ರ ಬುಟ್ಟಿ ಎತ್ತಿಕೊಡ್ರಿ ಅಂತ ನಾವು ಯಾರನ್ನ ಕೇಳೂದು? ಹ್ವಾದ ಸಂತಿಗಿ ನನ್ನ ತಕ್ಕಡಿ ಬಿದ್ದು ಮುರೀತು." ಅಷ್ಟು ಹೇಳಿ ಮುದುಕಿ, "ನಡೀರಿ, ಚಕ್ಕಡಿ ನಿಂತಾವ," ಎಂದು ಎದ್ದು, ಕೆಳಗಿಟ್ಟ ತನ್ನ ಬುಟ್ಟಿಗೆ ಕೈ ಹಾಕಿದಳು.

ಅತ್ತೆಯವರು ಕೋಳಿಯನ್ನು ಬಿಟ್ಟು ಮುಂದೆ ಬರುವುದರೊಳಗೆ ಭಾವ ಕಟ್ಟೆ ಇಳಿದಿದ್ದರು. ಇಸ್ತ್ರಿಯ ಪ್ಯಾಂಟಿನಲ್ಲೇ ಬಗ್ಗಿ, ಮುದುಕಿಯ ಬುಟ್ಟಿಯನ್ನು ಎತ್ತಿ ಆಕೆಯ ತಲೆಯ ಮೇಲಿಟ್ಟರು. ರೂಢಿಯಿಲ್ಲದ ಕೈ, ಬುಟ್ಟಿ ಸೊಟ್ಟಾಯಿತು. ಮುದುಕಿ ಸರಿಮಾಡಿಕೊಂಡಳು. ಆಮೇಲೆ ಸೊಪ್ಪಿನವಳದು, ಆಮೇಲೆ ಇನ್ನೊಬ್ಬಳದು. ಎಲ್ಲರದೂ ಮುಗಿಯುವವರೆಗೆ ಅವರು ತಲೆಯೆತ್ತಲಿಲ್ಲ. ಕೊನೆಗೆ ಒಳಗೆ ಬಂದು ಕೈ ತೊಳೆಯುತ್ತ, "ಯವ್ವಾ, ಆ ಬುಟ್ಟಿ ಹಳೇದಾಗೇತಿ," ಎಂದರು. "ನವಲಗುಂದದಾಗ ಚಲೋವು ಸಿಗ್ತಾವ. ಬರೂ ರವಿವಾರ ತರ್ತೇನಿ."

ಅತ್ತೆಯವರು ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ನನ್ನ ಬುಟ್ಟಿಯನ್ನು ಮುಂದೆಳೆದುಕೊಂಡರು. ಅದರಲ್ಲಿದ್ದದ್ದು ತಮ್ಮ ಹೆಣಕ್ಕೆ ಬಂದ ಮಾಲೆ ಒಂದೇ. ಅದನ್ನೆತ್ತಿ, ಉಗುರಿಲ್ಲದ ಹೆಬ್ಬೆರಳಿನಿಂದ ಒಂದು ಹೂವನ್ನು ಒತ್ತಿ ನೋಡಿ, "ಇದು ಕೋಳಿಗಿ," ಅಂದರು.

ಉಗುರು ಮತ್ತೆ ಬೆಳೆಯಿತು. ಕಪ್ಪು ಕಲೆಯೂ ಬಂದು ಕೂತಿತು. ಆ ಮೇಲಿನ ವರ್ಷಗಳೇ ನನ್ನ ಬಾಳಿನ ಒಳ್ಳೆಯ ವರ್ಷಗಳು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆಂದು ಯಾರಿಗೆ ಗೊತ್ತಿತ್ತು? ಸಂತೆಯ ಸಂಜೆ ನಾವಿಬ್ಬರೂ ಎದುರು ಬದುರು ಕೂತು ಆರಿಸುತ್ತಿದ್ದೆವು. ನಾನು ಮನೆಯ ಗುಂಪಿಗೆ ಹಾಕಿದ್ದನ್ನು ಅವರು ಎತ್ತಿ ಒತ್ತಿ ನೋಡಿ, ಮಾತಿಲ್ಲದೆ ಕೋಳಿಯ ಗುಂಪಿಗೆ ಸರಿಸುವರು. ಅವರು ನೋಡದಾಗ ನಾನು ಅದನ್ನು ತಿರುಗಿ ತರುತ್ತಿದ್ದೆ. ನನ್ನ ಮಗಳು ತೆವಳಿ ಬಂದು ಮೂರೂ ಗುಂಪನ್ನು ಒಂದು ಮಾಡುತ್ತಿದ್ದಳು. "ಇಕಿ ಜಾಣಿ ಬೇ, ಭೇದ ಇಲ್ಲ," ಎಂದು ಅವರು ಮತ್ತೆ ಮೊದಲಿನಿಂದ ಶುರುಮಾಡುವರು. ಅವರಿಗೆ ಬೇಸರವೆಂಬುದು ಇರಲಿಲ್ಲ.

ದಶಕ ಮುಗಿಯುವ ಮುಂಚೆಯೇ ಅವರು ಹಾಸಿಗೆ ಹಿಡಿದರು. ಊಟ ಸೇರುತ್ತಿರಲಿಲ್ಲ, ಮೈ ಹಗುರಾಗುತ್ತ ಹೋಯಿತು. ಭಾವ ವಾರಕ್ಕೆರಡು ಸಲ ಬಂದು ತಲೆದೆಸೆಯಲ್ಲಿ ಕೂತು ಹೋಗುತ್ತಿದ್ದರು. ನಾನು ಒಬ್ಬಳೇ ಸಂತೆಗೆ ಹೋಗಿ ಬಂದು, ಬುಟ್ಟಿಯನ್ನು ಅವರ ಹಾಸಿಗೆಯ ಪಕ್ಕಕ್ಕೇ ತಂದು ಸುರಿಯುತ್ತಿದ್ದೆ. ಅವರು ಮಲಗಿದಲ್ಲಿಂದಲೇ ಕೈ ಚಾಚಿ ಒಂದೆರಡನ್ನು ಒತ್ತಿ ನೋಡುವರು. "ಮಲಕೊಂಡಾರ, ಮುಂದಿನ ವಾರ ಬರ್ತಾರ," ಎಂದು ನಾನು ಸಂತೆಯವರಿಗೆ ಹೇಳುತ್ತಿದ್ದೆ. ನಾನೂ ಹಾಗೆಯೇ ನಂಬಿದ್ದೆ. ಒಂದು ಮಧ್ಯಾಹ್ನ ಅವರು ತಮ್ಮ ತೋಳನ್ನೇ ಹೆಬ್ಬೆರಳಿನಿಂದ ಒತ್ತಿ, ಒತ್ತಿದ ಕುಳಿ ಏಳದ್ದನ್ನು ನೋಡುತ್ತ ಮಲಗಿದ್ದರು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ನಕ್ಕರು.

"ಮನಿಗಿ ಬರೂ ಹಂಗಿಲ್ಲವಾ ಇದು," ಎಂದರು. "ಕೋಳಿಗಿ ಮಾತ್ರ ಹಾಕಬ್ಯಾಡ್ರಿ."

ನಾನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಿಡಲು ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಕೋಳಿಗಳು ಕೆದರುವ ಸದ್ದು ಕೇಳುತ್ತಿತ್ತು.

ಒಂದು ಸಂತೆ ಮುಗಿದ ಮಾರನೆಯ ದಿನ ಅವರು ಹೋದರು. ಊರೆಲ್ಲ ಬಂದಿತ್ತು. ಹಳ್ಳಿಗಳ ಆ ಹೆಂಗಸರಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ವಾರಕ್ಕೊಮ್ಮೆ ಬರುವವರು, ಯಾರು ಹೇಳಬೇಕು? ಭಾವನೇ ಮುಂದೆ ನಿಂತು ಮಣ್ಣು ಮಾಡಿಸಿದರು. ತಿರುಗಿ ಬಂದವರ ಕೈಕಾಲಿಗೆ ಬಾಗಿಲಲ್ಲಿ ನಿಂತು ನೀರು ಹಾಕಿದವಳು ನಾನು. ನೀರು ಕಾಸಿದ್ದೆ.

ಮುಂದಿನ ಸಂತೆಯ ಸಂಜೆ ಕೋಳಿಗಳು ಮುಂಬಾಗಿಲಿಗೆ ಬಂದು ನಿಂತವು. ಅವುಗಳನ್ನು ನೋಡುತ್ತ ಮನೆಯಲ್ಲಿ ಕೂರುವುದು ನನ್ನಿಂದಾಗಲಿಲ್ಲ. ಬುಟ್ಟಿ, ಕಸಬರಿಗೆ ತೆಗೆದುಕೊಂಡು ಹೊರಟೆ. ಬದನೆಕಾಯಿ ಮುದುಕಿ ದೂರದಿಂದಲೇ ಕೈ ಮಾಡಿದಳು.

"ಇವತ್ತೂ ಒಬ್ಬಾಕೀನ ಬಂದ್ಯಾ? ಎಲ್ಲದಾಳ ನಿಮ್ಮತ್ತಿ?"

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅದೊಂದೂ ಬಾಯಿಗೆ ಬರಲಿಲ್ಲ. "ಮಣ್ಣಿಗಿ ಹೋದ್ರರಿ," ಎಂದೆ.

ಮುದುಕಿ ಬಾಯ್ತುಂಬ ನಕ್ಕಳು. "ಮತ್ತ ಶುರು ಮಾಡಿದೇನ ನಿನ್ನ ಮಾತು? ಹೊಳ್ಳಿ ಬಂದ ಮ್ಯಾಲ ಹೇಳು, ಎಳೀ ಬದನಿಕಾಯಿ ತಗದ ಇಟ್ಟೇನಿ ಅಂತ," ಎಂದು ಪಕ್ಕದಲ್ಲಿ ಬಟ್ಟೆ ಮುಚ್ಚಿಟ್ಟಿದ್ದನ್ನು ತೋರಿಸಿದಳು. ಹುಳ ಮುಟ್ಟದ, ಬಾಡದ, ಅಂದೇ ಕಿತ್ತ ಕಾಯಿಗಳು.

ನಾನು ನಿಂತೇ ಇದ್ದೆ. ಆಕೆ ನಗುತ್ತಲೇ ತಲೆಯೆತ್ತಿ ನನ್ನ ಮುಖ ನೋಡಿದಳು. ನಗೆ ನಿಧಾನವಾಗಿ ಇಳಿಯಿತು. ಆಮೇಲೆ ನನ್ನ ಕೈಹಿಡಿದು ಕೆಳಗೆ ಕೂರಿಸಿಕೊಂಡು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಈ ಸಲ ಖರೇನ, ತಂಗಿ?"

ಸಂತೆ ಎದ್ದ ಮೇಲೆ ಆಕೆಯ ಬುಟ್ಟಿಯನ್ನು ನಾನು ಎತ್ತಿ ತಲೆಯ ಮೇಲಿಟ್ಟೆ. ಜಾಗ ಗುಡಿಸಿದೆ. ಉಳಿದದ್ದನ್ನು ತೆಗೆದುಕೊಂಡು ಮನೆಗೆ ಬಂದೆ.